ಕೌದಿ ಆನೆಯೂ ನಮ್ಮ ಅಂಗಳದ ಮಕ್ಕಳೂ

(ಮಹಿಳಾ ಸ್ವ-ಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಸಿಸ್ಟರ್ ಒಬ್ಬರು ನೀಡಿದ ಉಪನ್ಯಾಸದ ಬರಹ ರೂಪ)



ಉಳಿತಾಯದ ಲೆಕ್ಕ ಆಯ್ತು, ಸಾಲದ ಕಂತು ಆಯ್ತು, ಇನ್ನು ಸಿಸ್ಟರ್ ಬ್ಯಾಂಕಿನ ವಿಷಯ ಮಾತಾಡ್ತಾರೆ ಅಂತ ಕಾದು ಕೂತಿದ್ದೀರಿ. ಇವತ್ತು ಬ್ಯಾಂಕಿನ ಮಾತು ಬೇಡ. ಇವತ್ತು ನಾನು ಒಂದು ಆನೆ, ಒಂದು ಗೂಳಿ, ಒಂದು ಮೀನು ಮತ್ತು ಒಂದು ಬಾತುಕೋಳಿ ಮರಿಯ ವಿಷಯ ಹೇಳಲು ಬಂದಿದ್ದೇನೆ. ಇವೆಲ್ಲ ಚಿಕ್ಕ ಮಕ್ಕಳ ಚಿತ್ರಪುಸ್ತಕದಲ್ಲಿ ಬರುವ ಪ್ರಾಣಿಗಳು. "ನಮಗ್ಯಾಕೆ ಸಿಸ್ಟರ್ ಮಕ್ಕಳ ಪುಸ್ತಕ?" ಅಂತ ಕೇಳಬಹುದು. ಕಾರಣ ಹೇಳುತ್ತೇನೆ, ಕೇಳಿ.

ಇದು ಸಂಘದ ವಿಷಯ ಹೇಗೆ?

ಮನೆ ಭೇಟಿಗೆ ಹೋದಾಗ ಒಂದು ಮಾತು ನನಗೆ ಮತ್ತೆ ಮತ್ತೆ ಸಿಗುತ್ತದೆ. ಮಗು ಅಂಗನವಾಡಿಗೆ ಬರುತ್ತಿಲ್ಲ. ಯಾಕಮ್ಮ ಅಂದರೆ ತಾಯಿ ಮೊದಲು "ಜ್ವರ" ಅನ್ನುತ್ತಾಳೆ. ಸ್ವಲ್ಪ ಹೊತ್ತು ಕೂತು ಮಾತಾಡಿದ ಮೇಲೆ ನಿಜ ಹೊರಗೆ ಬರುತ್ತದೆ. "ಜ್ವರ ಏನೂ ಇಲ್ಲ ಸಿಸ್ಟರ್. ಕಾಲು ಎಳೆದುಕೊಂಡು ನಡೀತಾನೆ, ಮಕ್ಕಳು ಆಡ್ಕೋತಾರೆ. ಅದಕ್ಕೇ ಕಳಿಸಲ್ಲ." ಇನ್ನೊಂದು ಮನೆಯಲ್ಲಿ ಮಾತು ತೊದಲುವ ಮಗು. ಮತ್ತೊಂದು ಮನೆಯಲ್ಲಿ ಮೈಬಣ್ಣ ಕಪ್ಪು ಅಂತ ಅಜ್ಜಿಯ ಬಾಯಿಂದಲೇ ದಿನಾ ಮಾತು ಕೇಳುವ ಹೆಣ್ಣು ಮಗು. ಇನ್ನೂ ಕೆಲವು ಕಡೆ, ಯಾವ ಕೇರಿಯಿಂದ ಬಂದ ಮಗು ಅಂತ ನೋಡಿ ಪಕ್ಕದಲ್ಲಿ ಕೂರಲು ಹಿಂದೆ ಮುಂದೆ ನೋಡುವ ಮಕ್ಕಳು.

ಅಂಗನವಾಡಿ ಬಿಟ್ಟರೆ ಏನಾಯ್ತು ಅಂತ ಕೇಳಬೇಡಿ. ಮೊಟ್ಟೆ ಹೋಯ್ತು, ಹಾಲು ಹೋಯ್ತು, ಹಾಡು ಹೋಯ್ತು, ಜೊತೆಗಾರರು ಹೋದರು. ನಾಳೆ ಒಂದನೇ ಕ್ಲಾಸಿಗೆ ಹೋಗುವ ಧೈರ್ಯವೂ ಹೋಯ್ತು. ನಾಲ್ಕು ವರ್ಷದ ಮಗುವನ್ನು ಶಾಲೆಯಿಂದ ಹೊರಗೆ ಹಾಕಿದವರು ಯಾರು? ಮೇಷ್ಟರಲ್ಲ, ಸರಕಾರವಲ್ಲ. ಇನ್ನೊಂದು ನಾಲ್ಕು ವರ್ಷದ ಮಗುವಿನ ಬಾಯಲ್ಲಿ ಬಂದ ಒಂದು ಅಡ್ಡಹೆಸರು! ಆ ಅಡ್ಡಹೆಸರು ಅದಕ್ಕೆ ಎಲ್ಲಿ ಸಿಕ್ಕಿತು? ನಮ್ಮ ಮನೆಯ ಜಗುಲಿಯಲ್ಲಿ. ಆದ್ದರಿಂದ ಇದು ತಾಯಂದಿರ ವಿಷಯ, ಸಂಘದ ವಿಷಯ.

"ಮಕ್ಕಳಿಗೆ ಏನು ಗೊತ್ತಾಗುತ್ತೆ ಬಿಡಿ, ಅವು ದೇವರಂಥವು" ಅಂತ ನಾವು ಹೇಳ್ತೀವಿ. ಮಕ್ಕಳು ದೇವರಂಥವರು ನಿಜ, ಆದರೆ ಕುರುಡರಲ್ಲ. ಮೂರು ನಾಲ್ಕು ವರ್ಷಕ್ಕೆಲ್ಲ ಅವರು ಮೈಬಣ್ಣ, ನಡಿಗೆ, ಮಾತು, ಬಟ್ಟೆ ಎಲ್ಲವನ್ನೂ ಗಮನಿಸುತ್ತಾರೆ. ಬಸ್ಸಿನಲ್ಲಿ ಜೋರಾಗಿ, "ಅಮ್ಮಾ, ಆ ಮಾಮನಿಗೆ ಒಂದು ಕೈ ಇಲ್ಲ!" ಅಂತ ಕೂಗಿ ನಮ್ಮ ಮಾನ ಕಳೆಯುತ್ತಾರೆ. ನಾವು ತೊಡೆ ಚಿವುಟಿ "ಶ್! ಸುಮ್ನಿರು" ಅನ್ನುತ್ತೇವೆ. ಗಮನಿಸಿದ್ದು ಮಗುವಿನ ತಪ್ಪಲ್ಲ. ನಾವು ಬಾಯಿ ಮುಚ್ಚಿಸಿದಾಗ ಮಗು ಕಲಿಯುವುದು ಒಂದೇ: ಬೇರೆ ಥರ ಇರುವುದು ನಾಚಿಕೆಯ ವಿಷಯ, ಅದರ ಬಗ್ಗೆ ಮಾತಾಡಬಾರದು. ಮಾತಾಡಲು ಒಂದು ದಾರಿ ಬೇಕು. ನಗುನಗುತ್ತಾ ಮಾತಾಡಲು ಪ್ರಾಣಿಗಳ ಚಿತ್ರಪುಸ್ತಕ ಒಂದು ಒಳ್ಳೆಯ ದಾರಿ.

ನಮ್ಮ ಬಾಯಲ್ಲಿ ಪ್ರಾಣಿಗಳು

ಪುಸ್ತಕಕ್ಕೆ ಹೋಗುವ ಮುಂಚೆ ನಮ್ಮ ಬಾಯಿ ಸ್ವಲ್ಪ ನೋಡಿಕೊಳ್ಳೋಣ. ದಿನಕ್ಕೆ ಎಷ್ಟು ಪ್ರಾಣಿಗಳನ್ನು ನಾವು ಮಕ್ಕಳ ಮೇಲೆ ಬಿಡುತ್ತೇವೆ? ಓದದಿದ್ದರೆ ಕತ್ತೆ. ನಿಧಾನವಾದರೆ ಎಮ್ಮೆ. ದಪ್ಪಗಿದ್ದರೆ ಆನೆಮರಿ. ಉದ್ದಕ್ಕಿದ್ದರೆ ಒಂಟೆ. ಸುಮ್ಮನೆ ಕೂತರೆ ಗೂಬೆ. ಸುಮ್ಮನೆ ಕೂರದಿದ್ದರೆ ಕೋತಿ. ಕಪ್ಪಗಿದ್ದರೆ ಕಾಗೆ. ತುಟಿ ಸೀಳಿದ್ದರೆ ಮೊಲ. ಇಡೀ ಮೃಗಾಲಯ ನಮ್ಮ ಅಡುಗೆಮನೆಯಲ್ಲೇ ಇದೆ!

ಇದರಲ್ಲಿ ಪ್ರಾಣಿಗಳಿಗೂ ಅನ್ಯಾಯ. ಎಮ್ಮೆ ಅಂತ ಬೈಯುವ ಅಕ್ಕ ಬೆಳಿಗ್ಗೆ ಡೇರಿಗೆ ಹಾಲು ಹಾಕುವಾಗ ಏನು ನೋಡ್ತಾಳೆ? ಫ್ಯಾಟ್ ನೋಡ್ತಾಳೆ. ಎಮ್ಮೆ ಹಾಲಿನಲ್ಲಿ ಆರು ಏಳು ಪರ್ಸೆಂಟ್ ಫ್ಯಾಟ್ ಬರುತ್ತೆ, ಸೀಮೆ ಹಸುವಿನ ಹಾಲಿಗೆ ಮೂರೂವರೆ ನಾಲ್ಕು. ದರ ಯಾವುದಕ್ಕೆ ಹೆಚ್ಚು? ಡೇರಿಯಲ್ಲಿ ಎಮ್ಮೆ ಲಕ್ಷ್ಮಿ, ಮನೆಯಲ್ಲಿ ಎಮ್ಮೆ ಬೈಗುಳ. ಗೂಬೆ ರಾತ್ರಿಯೆಲ್ಲ ಎದ್ದು ಗದ್ದೆಯ ಇಲಿ ಹಿಡಿಯುತ್ತದೆ. ನಾವು ಮಲಗಿರುತ್ತೇವೆ, ಗೂಬೆ ನಮ್ಮ ಭತ್ತ ಕಾಯುತ್ತಿರುತ್ತದೆ.

ನಕ್ಕಿರಿ ಅಲ್ವಾ? ಸಂತೋಷ. ಈಗ ಒಂದು ಪ್ರಶ್ನೆ. ಈ ಹೆಸರುಗಳಿಗೆ ಮನೆಯವರೆಲ್ಲ ನಗುವಾಗ ಆ ಮಗು ನಗುತ್ತದೆಯೇ? ಎಲ್ಲರೂ ಸೇರಿ ನಗುವುದು ಬೇರೆ, ಎಲ್ಲರೂ ಒಬ್ಬರನ್ನು ನೋಡಿ ನಗುವುದು ಬೇರೆ. ಒಳ್ಳೆಯ ಚಿತ್ರಪುಸ್ತಕ ಮೊದಲನೆಯ ನಗುವನ್ನು ಕಲಿಸುತ್ತದೆ. ಈ ವ್ಯತ್ಯಾಸ ಮನಸ್ಸಿನಲ್ಲಿ ಇಟ್ಟುಕೊಂಡು ಕಥೆ ಕೇಳಿ.

ಒಂದನೇ ಕಥೆ: ಕೌದಿ ಆನೆ

ಇಂಗ್ಲೆಂಡಿನಲ್ಲಿ ಡೇವಿಡ್ ಮಕ್ಕೀ ಅಂತ ಒಬ್ಬ ಚಿತ್ರಕಾರರಿದ್ದರು. 1935ರಲ್ಲಿ ಹುಟ್ಟಿದವರು, 2022ರಲ್ಲಿ ತೀರಿಕೊಂಡರು. ಅವರು 1968ರಲ್ಲಿ 'ಎಲ್ಮರ್' ಎಂಬ ಆನೆಯ ಪುಸ್ತಕ ಮಾಡಿದರು. ಅದು 1989ರಲ್ಲಿ ಹೊಸದಾಗಿ ಮುದ್ರಣವಾದ ಮೇಲೆ ಲೋಕದ ಎಷ್ಟೋ ಭಾಷೆಗಳಿಗೆ ಹೋಯಿತು. ಈ ಪುಸ್ತಕದ ಹಿಂದೆ ಒಂದು ನೋವು ಇದೆ. ಅವರ ಹೆಂಡತಿ ಆಂಗ್ಲೋ-ಇಂಡಿಯನ್ ಮನೆತನದವರು. ಹೀಗಾಗಿ ಮಗಳ ಮೈಬಣ್ಣ ಅಲ್ಲಿಯ ಬಿಳಿಯರ ಹಾಗೆ ಇರಲಿಲ್ಲ. ಒಂದು ದಿನ ಬೀದಿಯಲ್ಲಿ ಹೋಗುವಾಗ ಒಬ್ಬ ಹುಡುಗ ಆ ಮಗುವಿನ ಬಣ್ಣ ನೋಡಿ ಹೀನಾಯವಾದ ಮಾತೊಂದನ್ನು ಆಡಿದ. ಆ ಘಟನೆ ಎಲ್ಮರ್ ಹುಟ್ಟಲು ಒಂದು ಕಾರಣ ಅಂತ ಮಕ್ಕೀ ಅವರೇ ಮುಂದೆ ಹೇಳಿದ್ದಾರೆ. ತಂದೆ ಜಗಳಕ್ಕೆ ಹೋಗಬಹುದಿತ್ತು. ಅವರು ಕುಂಚ ಹಿಡಿದರು.

ಕಥೆ ಇದು. ಕಾಡಿನಲ್ಲಿ ಆನೆಗಳ ಹಿಂಡು. ಸಣ್ಣದು, ದೊಡ್ಡದು, ದಪ್ಪ, ತೆಳ್ಳಗೆ, ಎಲ್ಲವೂ ಇವೆ, ಆದರೆ ಬಣ್ಣ ಮಾತ್ರ ಎಲ್ಲದಕ್ಕೂ ಆನೆ ಬಣ್ಣ. ಎಲ್ಮರ್ ಒಬ್ಬ ಮಾತ್ರ ಬೇರೆ. ಅವನ ಮೈಮೇಲೆ ಹಳದಿ, ಕೆಂಪು, ನೀಲಿ, ಹಸಿರು, ನೇರಳೆ, ಕಪ್ಪು, ಬಿಳಿ, ಹೀಗೆ ಚೌಕ ಚೌಕ ತೇಪೆ. ನಮ್ಮ ಅಜ್ಜಿಯರು ಹಳೇ ಸೀರೆ ತುಂಡು ಸೇರಿಸಿ ಹೊಲಿಯುವ ಕೌದಿ ಇದೆಯಲ್ಲ, ಹಾಗೆ. ಅದಕ್ಕೇ ನಾನು ಅವನನ್ನು ಕೌದಿ ಆನೆ ಅಂತ ಕರೆಯುತ್ತೇನೆ. ಅವನು ತಮಾಷೆಗಾರ. ಅವನಿದ್ದ ಕಡೆ ನಗು ಇರುತ್ತಿತ್ತು.

ಒಂದು ರಾತ್ರಿ ಎಲ್ಮರ್‌ಗೆ ನಿದ್ದೆ ಬರಲಿಲ್ಲ. "ಇವರೆಲ್ಲ ನಗುವುದು ನಾನು ಬೇರೆ ಥರ ಇದ್ದೀನಿ ಅಂತಲೇ ಇರಬೇಕು" ಅನ್ನಿಸಿತು. ಬೆಳಗಾಗುವ ಮುಂಚೆ ಸದ್ದಿಲ್ಲದೆ ಎದ್ದು ಹೋದ. ಕಾಡಿನಲ್ಲಿ ಆನೆ ಬಣ್ಣದ ಹಣ್ಣು ಬಿಡುವ ಒಂದು ಪೊದೆ ಸಿಕ್ಕಿತು. ಅದನ್ನು ಅಲ್ಲಾಡಿಸಿ ಹಣ್ಣು ಉದುರಿಸಿ, ಅದರ ಮೇಲೆ ಹೊರಳಾಡಿ ಹೊರಳಾಡಿ ಮೈಗೆಲ್ಲ ಬಳಿದುಕೊಂಡ. ಹೋಗುವಾಗ ದಾರಿಯಲ್ಲಿ ಪ್ರಾಣಿಗಳೆಲ್ಲ ಅವನ ಹೆಸರು ಹಿಡಿದು ಮಾತಾಡಿಸಿದ್ದವು. ಬರುವಾಗ ಅವೇ ಪ್ರಾಣಿಗಳು "ನಮಸ್ಕಾರ ಆನೆಯವರೇ" ಅಂದವು, ಅಷ್ಟೇ. ಹೆಸರು ಹೋಯಿತು!

ಹಿಂಡಿಗೆ ಬಂದು ನಿಂತ. ಯಾರಿಗೂ ಗುರುತು ಸಿಗಲಿಲ್ಲ. ಎಲ್ಲರೂ ಮುಖ ಗಂಟು ಹಾಕಿಕೊಂಡು ಸುಮ್ಮನೆ ನಿಂತಿದ್ದಾರೆ. ಏನೋ ಕಮ್ಮಿ ಆಗಿದೆ, ಏನು ಅಂತ ತಿಳಿಯುತ್ತಿಲ್ಲ. ನೋಡಿ ನೋಡಿ ಎಲ್ಮರ್‌ಗೆ ನಗು ತಡೆಯಲಾಗಲಿಲ್ಲ. ಸೊಂಡಿಲು ಎತ್ತಿ ಇದ್ದ ಶಕ್ತಿಯೆಲ್ಲ ಹಾಕಿ ಒಂದು ಸಲ ಕೂಗಿದ ನೋಡಿ, ಆನೆಗಳೆಲ್ಲ ಬೆಚ್ಚಿಬಿದ್ದು ಒಂದರ ಮೇಲೊಂದು! "ಇವನು ಎಲ್ಮರೇ!" ಅಂತ ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ಮಳೆ ಬಂತು, ಬಳಿದ ಬಣ್ಣ ತೊಳೆದು ಹೋಯ್ತು, ಕೌದಿ ಮತ್ತೆ ಕಂಡಿತು. ಆಮೇಲೆ ವರ್ಷಕ್ಕೊಂದು ದಿನ ಹಬ್ಬ ಅಂತ ಮಾಡಿಕೊಂಡರು. ಆ ದಿನ ಎಲ್ಲಾ ಆನೆಗಳೂ ಬಣ್ಣ ಬಣ್ಣ ಬಳಿದುಕೊಳ್ಳುತ್ತವೆ. ಎಲ್ಮರ್ ಒಬ್ಬ ಮಾತ್ರ ಆನೆ ಬಣ್ಣ.

ಈ ಕಥೆಯಲ್ಲಿ ಯಾರೂ ಉಪದೇಶ ಮಾಡುವುದಿಲ್ಲ, ಗಮನಿಸಿದಿರಾ? "ಎಲ್ಲರೂ ಸಮಾನರು ಮಕ್ಕಳೇ" ಅಂತ ಮುದಿ ಆನೆ ಬಂದು ಭಾಷಣ ಕೊಡುವುದಿಲ್ಲ. ಮಗು ನಗುತ್ತದೆ, ನಗುತ್ತಲೇ ಅದಕ್ಕೆ ತಿಳಿಯುತ್ತದೆ: ಎಲ್ಮರ್ ಬಣ್ಣ ಮುಚ್ಚಿಕೊಂಡರೆ ಹಿಂಡಿಗೇ ನಷ್ಟ.

ನಮ್ಮ ಹೆಣ್ಣು ಮಕ್ಕಳೂ ಹೀಗೇ ಬಳಿದುಕೊಳ್ಳುತ್ತಿದ್ದಾರೆ. ಹಣ್ಣಿನ ಬದಲು ಟ್ಯೂಬಿನಲ್ಲಿ ಬರುವ ಬಿಳಿ ಮಾಡುವ ಕ್ರೀಮು. ಹತ್ತು ವರ್ಷದ ಹುಡುಗಿ ಕನ್ನಡಿ ಮುಂದೆ ನಿಂತು ಅದನ್ನು ತಿಕ್ಕುವುದು ನಾವೆಲ್ಲ ನೋಡಿದ್ದೇವೆ. ಅವಳಿಗೆ ಬೇಕಿದ್ದದ್ದು ಕ್ರೀಮಲ್ಲ. ನಾಲ್ಕು ವರ್ಷದವಳಿದ್ದಾಗ ಮಡಿಲಲ್ಲಿ ಕೂರಿಸಿಕೊಂಡು ಯಾರಾದರೂ ಇಂಥ ಒಂದು ಕಥೆ ಹೇಳಬೇಕಿತ್ತು.

ಕೌದಿ ಅಂದೆನಲ್ಲ, ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಸಮುದಾಯದ ತಾಯಂದಿರು ಕವಂದಿ ಅಂತ ಹೊಲಿಯುತ್ತಾರೆ. ಆಫ್ರಿಕಾ ಮೂಲದ, ಕನ್ನಡ ಕೊಂಕಣಿ ಮಾತಾಡುವ ನಮ್ಮದೇ ಜನ ಅವರು. ಹಳೆಯ ಬಟ್ಟೆ ತುಂಡುಗಳ ಆ ಹೊದಿಕೆಗಳು ಇವತ್ತು ದೊಡ್ಡ ದೊಡ್ಡ ಪ್ರದರ್ಶನಗಳಿಗೆ ಹೋಗುತ್ತವೆ. ಒಂದೇ ಬಣ್ಣದ ತುಂಡುಗಳಿಂದ ಹೊಲಿದಿದ್ದರೆ ಅದನ್ನು ಯಾರು ನಿಂತು ನೋಡುತ್ತಿದ್ದರು ಹೇಳಿ?

ಎರಡನೇ ಕಥೆ: ಹೂವಿನ ವಾಸನೆ ನೋಡುವ ಗೂಳಿ

ಇದು ಅಮೆರಿಕದ ಪುಸ್ತಕ, ಕಥೆ ನಡೆಯುವುದು ಸ್ಪೇನ್ ದೇಶದಲ್ಲಿ. 1936ರಲ್ಲಿ ಮನ್ರೋ ಲೀಫ್ ಬರೆದರು, ರಾಬರ್ಟ್ ಲಾಸನ್ ಚಿತ್ರ ಬಿಡಿಸಿದರು. ಫರ್ಡಿನಾಂಡ್ ಎಂಬ ಗೂಳಿ ಕರು. ಬೇರೆ ಕರುಗಳೆಲ್ಲ ಗುದ್ದಾಡುತ್ತಿದ್ದರೆ ಇವನು ಮರದ ಕೆಳಗೆ ಕೂತು ಹೂವಿನ ವಾಸನೆ ನೋಡುತ್ತಾನೆ. ತಾಯಿ ಹಸುವಿಗೆ ಚಿಂತೆ, ಮಗ ಒಂಟಿಯಾಗಿಬಿಟ್ಟಾನೇ ಅಂತ. ಹೋಗಿ ಕೇಳುತ್ತಾಳೆ. "ಇಲ್ಲಮ್ಮ, ನನಗೆ ಇಲ್ಲೇ ಇಷ್ಟ" ಅನ್ನುತ್ತಾನೆ. ಆ ತಾಯಿ ಮಗನ ಮುಖ ನೋಡಿ ಅರ್ಥ ಮಾಡಿಕೊಂಡು ಅವನ ಪಾಡಿಗೆ ಬಿಡುತ್ತಾಳೆ.

ಅವನು ಬೆಳೆದು ದೊಡ್ಡ ಗೂಳಿಯಾದ. ಗೂಳಿ ಕಾಳಗಕ್ಕೆ ಆರಿಸಲು ಐದು ಜನ ಬಂದರು. ಅದೇ ಹೊತ್ತಿಗೆ ಫರ್ಡಿನಾಂಡ್ ಹೋಗಿ ಕೂತದ್ದು ಒಂದು ದುಂಬಿಯ ಮೇಲೆ! ಕುಟುಕಿತು ನೋಡಿ, ಹಾರಿದ, ಬುಸುಗುಟ್ಟಿದ, ಮಣ್ಣು ಕೆದರಿದ. "ಆಹಾ, ಇವನೇ ಶೂರ!" ಅಂತ ಬಂದವರು ಗಾಡಿಯಲ್ಲಿ ಹಾಕಿ ಮ್ಯಾಡ್ರಿಡ್ ನಗರಕ್ಕೆ ಒಯ್ದರು. ಅಂಕಣಕ್ಕೆ ಬಿಟ್ಟರೆ ಫರ್ಡಿನಾಂಡ್ ಏನು ಮಾಡಿದ? ನೋಡಲು ಬಂದ ಹೆಂಗಸರ ಮುಡಿಯಲ್ಲಿದ್ದ ಹೂವಿನ ವಾಸನೆ ಬಂತು. ನಡುವೆ ಸುಮ್ಮನೆ ಕೂತುಬಿಟ್ಟ. ಚುಚ್ಚುವವರು ಕುಣಿದರು, ಕತ್ತಿಯವನು ಅತ್ತ. ಇವನು ಏಳಲೇ ಇಲ್ಲ. ಕೊನೆಗೆ ಮನೆಗೆ ತಂದು ಬಿಟ್ಟರು.

ಮಕ್ಕಳ ಈ ಸಣ್ಣ ಪುಸ್ತಕವನ್ನು ಸ್ಪೇನಿನಲ್ಲಿ ಫ್ರಾಂಕೋನ ಸರ್ವಾಧಿಕಾರ ನಿಷೇಧಿಸಿತು. ಹಿಟ್ಲರನ ಜರ್ಮನಿಯಲ್ಲೂ ಅದಕ್ಕೆ ಜಾಗ ಇರಲಿಲ್ಲ. ಗುದ್ದಾಡದೆ ಕೂತ ಒಂದು ಗೂಳಿಗೆ ದೊಡ್ಡ ಸರ್ವಾಧಿಕಾರಿಗಳೂ ಹೆದರಿದರು ಅಂದ ಹಾಗಾಯ್ತು.

ನನಗೆ ಈ ಕಥೆಯಲ್ಲಿ ಗೂಳಿಗಿಂತ ತಾಯಿ ಹಸು ಹೆಚ್ಚು ಇಷ್ಟ. ನಮ್ಮಲ್ಲಿ ಗಂಡು ಮಗು ಅತ್ತರೆ "ಹೆಣ್ಣಿನ ಹಾಗೆ ಅಳಬೇಡ" ಅನ್ನುತ್ತೇವೆ. ರಂಗೋಲಿ ಹಾಕಲು ಬಂದರೆ ಕೈ ಕಿತ್ತುಕೊಳ್ಳುತ್ತೇವೆ. ಹೊಡೆದು ಬಂದರೆ ಒಳಗೊಳಗೇ ಖುಷಿ. ಮುಂದೆ ಅದೇ ಮಗ ಕುಡಿದು ಬಂದು ಹೆಂಡತಿಗೆ ಹೊಡೆದಾಗ ಸಂಘದ ಸಭೆಯಲ್ಲಿ ಕೂತು ಕಣ್ಣೀರು ಹಾಕುತ್ತೇವೆ. ಮಗ ಮೆದುವಾಗಿದ್ದಾನಾ, ಇರಲಿ ಬಿಡಿ. ನೀವೂ ಆ ಹಸುವಿನ ಹಾಗೆ ಒಂದು ಸಲ ಹೋಗಿ ಕೇಳಿ, ಉತ್ತರ ಕೇಳಿಸಿಕೊಳ್ಳಿ.

ಮೂರನೇ ಕಥೆ: ಸಂಘ ಕಟ್ಟಿದ ಮೀನು

ಇದು ಬರೆದವರು ಲಿಯೋ ಲಿಯೋನಿ. ಪುಸ್ತಕದ ಹೆಸರು 'ಸ್ವಿಮ್ಮಿ', ಬಂದದ್ದು 1963ರಲ್ಲಿ. ಸಮುದ್ರದ ಮೂಲೆಯಲ್ಲಿ ಪುಟ್ಟ ಕೆಂಪು ಮೀನುಗಳ ಗುಂಪು. ಒಂದು ಮಾತ್ರ ಕಪ್ಪು, ಅದೇ ಸ್ವಿಮ್ಮಿ. ಒಂದು ದಿನ ದೊಡ್ಡ ಮೀನು ಬಂದು ಕೆಂಪು ಮೀನುಗಳನ್ನೆಲ್ಲ ಒಂದೇ ಗುಟುಕಿಗೆ ನುಂಗಿತು. ವೇಗವಾಗಿ ಈಜುತ್ತಿದ್ದ ಸ್ವಿಮ್ಮಿ ಒಬ್ಬನೇ ತಪ್ಪಿಸಿಕೊಂಡ. ಒಂಟಿಯಾಗಿ ಸಮುದ್ರವೆಲ್ಲ ಸುತ್ತಿದ. ಒಂದು ಕಡೆ ಬಂಡೆಯ ಮರೆಯಲ್ಲಿ ಅಂಥವೇ ಕೆಂಪು ಮೀನುಗಳ ಇನ್ನೊಂದು ಗುಂಪು ಅಡಗಿ ಕೂತಿತ್ತು. "ಹೊರಗೆ ಬಂದರೆ ದೊಡ್ಡ ಮೀನು ತಿನ್ನುತ್ತೆ" ಅಂತ ಭಯ.

ಸ್ವಿಮ್ಮಿ ಯೋಚಿಸಿ ಯೋಚಿಸಿ ಒಂದು ಉಪಾಯ ಮಾಡಿದ. ಎಲ್ಲರೂ ಹತ್ತಿರ ಹತ್ತಿರ, ಅವರವರ ಜಾಗದಲ್ಲಿ ಈಜಿ, ಒಂದು ಭಾರೀ ಮೀನಿನ ಆಕಾರ ಮಾಡುವುದು. ಎಲ್ಲವೂ ಕೆಂಪು, ಹಾಗಾದರೆ ಕಣ್ಣು ಯಾವುದು? ಕಪ್ಪಗಿದ್ದ ಸ್ವಿಮ್ಮಿ ತಾನೇ ಕಣ್ಣಾಗಿ ನಿಂತ. ಆ ಭಾರೀ ಮೀನನ್ನು ನೋಡಿ ದೊಡ್ಡ ಮೀನುಗಳು ಓಡಿಹೋದವು.

ಈ ಕಥೆ ಇನ್ನೊಮ್ಮೆ ವಿವರಿಸಬೇಕಾ? ನೀವೇ ಇಪ್ಪತ್ತು ಜನ, ವಾರಕ್ಕೆ ಹತ್ತು ಇಪ್ಪತ್ತು ರೂಪಾಯಿ ಸೇರಿಸಿ, ಬಡ್ಡಿ ಸಾಹುಕಾರ ಎಂಬ ದೊಡ್ಡ ಮೀನನ್ನು ಓಡಿಸಿದವರು. ನಿಮ್ಮ ಸಂಘದಲ್ಲೂ ಒಬ್ಬಳು ಬೇರೆ ಥರದವಳು ಇದ್ದಾಳೆ. ವಿಧವೆ ಇರಬಹುದು, ಬೇರೆ ಜಾತಿಯವಳು ಇರಬಹುದು, ಬೇರೆ ಭಾಷೆಯವಳು ಇರಬಹುದು, ಊರುಗೋಲು ಹಿಡಿದು ಬರುವವಳು ಇರಬಹುದು. ಅವಳನ್ನು ಬಾಗಿಲ ಹತ್ತಿರ ಕೂರಿಸಿದ್ದೀರಾ, ಒಳಗೆ ಕೂರಿಸಿದ್ದೀರಾ? ನಿಮ್ಮ ಮಕ್ಕಳು ಅದನ್ನು ನೋಡುತ್ತಿರುತ್ತಾರೆ. ನಾವು ಚಾಪೆ ಹಾಸುವ ರೀತಿಯೇ ಅವರಿಗೆ ಮೊದಲನೇ ಚಿತ್ರಪುಸ್ತಕ.

ಎಲ್ಲಾ ಪ್ರಾಣಿಕಥೆಯೂ ಒಳ್ಳೆಯದಾ?

ಇಲ್ಲ. ಆರಿಸಿಕೊಳ್ಳಬೇಕು. ನಮ್ಮ ಶಾಲೆ ಪುಸ್ತಕದಲ್ಲೂ ಬಂದಿದ್ದ ಕುರೂಪಿ ಬಾತುಕೋಳಿ ಮರಿಯ ಕಥೆ ನೋಡಿ. ಡೆನ್ಮಾರ್ಕಿನ ಹಾನ್ಸ್ ಆಂಡರ್ಸನ್ 1843ರಲ್ಲಿ ಬರೆದದ್ದು. ಎಲ್ಲರೂ ಹೀಯಾಳಿಸಿದ ಮರಿ ಕೊನೆಗೆ ಸುಂದರ ಹಂಸವಾಗುತ್ತದೆ. ಕೇಳಲು ಚೆನ್ನ. ಆದರೆ ಆ ಮರಿ ಹಂಸವಾಗದೆ ಬಾತುಕೋಳಿಯಾಗಿಯೇ ಉಳಿದಿದ್ದರೆ? ಹೀಯಾಳಿಸಿದ್ದು ಸರಿ ಅಂತ ಆಗುತ್ತಿತ್ತೇ? ಕಾಲು ಸೊಟ್ಟಗಿರುವ ಮಗು ನಾಳೆ ಓಟದಲ್ಲಿ ಫಸ್ಟ್ ಬರುತ್ತೆ ಅಂತ ನಾವು ಕಥೆ ಹೇಳಿದರೆ, ಬರದಿದ್ದಾಗ ಆ ಮಗು ಎಲ್ಲಿಗೆ ಹೋಗಬೇಕು?

ಕ್ರಿಸ್‌ಮಸ್ ಸಮಯದಲ್ಲಿ ಕೇಳುವ ಕೆಂಪು ಮೂಗಿನ ಹಿಮಸಾರಂಗ ರುಡಾಲ್ಫ್ ಕಥೆಯೂ ಸ್ವಲ್ಪ ಹಾಗೇ. 1939ರಲ್ಲಿ ಅಮೆರಿಕದ ಒಂದು ಅಂಗಡಿಯವರು ಮಕ್ಕಳಿಗೆ ಹಂಚಲು ಬರೆಸಿದ್ದು. ಮೂಗು ನೋಡಿ ಎಲ್ಲರೂ ನಗುತ್ತಿದ್ದರು. ಮಂಜು ಮುಸುಕಿದ ರಾತ್ರಿ ಆ ಮೂಗಿನ ಬೆಳಕು ಉಪಯೋಗಕ್ಕೆ ಬಂತು, ಆಮೇಲೆ ಪ್ರೀತಿ ಮಾಡಿದರು. ಉಪಯೋಗಕ್ಕೆ ಬಂದರೆ ಮಾತ್ರ ಪ್ರೀತಿಯಾ? ನಿಮ್ಮ ಸ್ವಿಮ್ಮಿಯೂ ಕಣ್ಣಾಗಿ ಉಪಯೋಗಕ್ಕೆ ಬಂದನಲ್ಲ ಸಿಸ್ಟರ್ ಅಂತ ಕೇಳುವವರು ಇಲ್ಲಿ ಇರಬಹುದು. ಸರಿಯಾದ ಪ್ರಶ್ನೆ. ಆದರೆ ಸ್ವಿಮ್ಮಿಯನ್ನು ಮೊದಲು ಯಾರೂ ಹೀಯಾಳಿಸಿರಲಿಲ್ಲ, ಅವನು ಪರೀಕ್ಷೆ ಪಾಸು ಮಾಡಿ ಗುಂಪಿಗೆ ಸೇರಬೇಕಾಗಿರಲಿಲ್ಲ. ಹೀಗೆ ಕಥೆಯನ್ನು ತೂಗಿ ನೋಡಬೇಕು. ಈ ಕಥೆಗಳನ್ನು ಬಿಸಾಡಿ ಅಂತ ನಾನು ಹೇಳುತ್ತಿಲ್ಲ. ಹೇಳಿ, ಆದರೆ ಕೊನೆಗೆ ಒಂದು ಪ್ರಶ್ನೆ ಸೇರಿಸಿ: "ಹಂಸ ಆಗದೇ ಇದ್ದಿದ್ರೆ ನಾವು ಆ ಮರಿ ಜೊತೆ ಆಡ್ತಿದ್ವಾ, ಪುಟ್ಟಾ?" ಮಕ್ಕಳು ಕೊಡುವ ಉತ್ತರ ಕೇಳಿ ನೀವೇ ಆಶ್ಚರ್ಯಪಡುತ್ತೀರಿ.

ಪ್ರಾಣಿಯಿಂದ ಮನುಷ್ಯರಿಗೆ ಸೇತುವೆ

ಇನ್ನೊಂದು ಮುಖ್ಯ ವಿಷಯ. ಪುಸ್ತಕ ಓದಿದ ಮಾತ್ರಕ್ಕೆ ಮಗು ಬದಲಾಗಿಬಿಡುವುದಿಲ್ಲ. ಕೆನಡಾದ ಟೊರಾಂಟೋ ವಿಶ್ವವಿದ್ಯಾಲಯದವರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಹಂಚಿಕೊಳ್ಳುವುದರ ಬಗ್ಗೆ ಕಥೆ ಓದಿದರು. ಕೆಲವರಿಗೆ ಮನುಷ್ಯರ ಪಾತ್ರ, ಕೆಲವರಿಗೆ ಬಟ್ಟೆ ತೊಟ್ಟು ಮಾತಾಡುವ ಪ್ರಾಣಿಗಳ ಪಾತ್ರ. ಆಮೇಲೆ ತಮ್ಮ ಸ್ಟಿಕ್ಕರ್‌ಗಳನ್ನು ಇನ್ನೊಬ್ಬರಿಗೆ ಕೊಡುತ್ತಾರಾ ಅಂತ ನೋಡಿದರು. ಮನುಷ್ಯರ ಕಥೆ ಕೇಳಿದ ಮಕ್ಕಳು ಹೆಚ್ಚು ಕೊಟ್ಟರು. ಪ್ರಾಣಿಗಳ ಕಥೆ ಕೇಳಿದವರಲ್ಲಿ ಆ ಬದಲಾವಣೆ ಕಾಣಲಿಲ್ಲ. ಆನೆಯ ಕಥೆ ಆನೆಗೇ ಸೇರಿದ್ದು, ನನಗೇನು ಅಂತ ಚಿಕ್ಕ ಮಕ್ಕಳು ಅಂದುಕೊಂಡರೋ ಏನೋ.

ಹಾಗಾದರೆ ಪ್ರಾಣಿಕಥೆ ದಂಡವಾ? ಅಲ್ಲ. ಪ್ರಾಣಿಯ ಕಥೆಯಲ್ಲಿ ಒಂದು ಅನುಕೂಲ ಇದೆ. ಯಾರ ಮನೆಯ ಮಗುವನ್ನೂ ಬೆರಳು ಮಾಡಿ ತೋರಿಸದೆ ಕಷ್ಟದ ವಿಷಯ ಎತ್ತಬಹುದು. ಕಾಲು ಎಳೆಯುವ ಮಗುವೂ ಅಲ್ಲೇ ಕೂತು ಎಲ್ಲರ ಜೊತೆ ನಗಬಹುದು. ಆದರೆ ಆನೆಯಿಂದ ಅಂಗಳದ ಮಗುವಿಗೆ ಸೇತುವೆ ಕಟ್ಟುವುದು ಪುಸ್ತಕದ ಕೈಲಿ ಆಗುವುದಿಲ್ಲ. ಅದನ್ನು ಕಟ್ಟಬೇಕಾದವರು ತಾಯಿ, ಅಜ್ಜಿ, ಅಂಗನವಾಡಿ ಕಾರ್ಯಕರ್ತೆ.

ಓದುವುದು ಹೇಗೆ?

"ನನಗೆ ಓದೋಕೆ ಬರಲ್ಲ ಸಿಸ್ಟರ್" ಅನ್ನಬೇಡಿ. ಚಿತ್ರಪುಸ್ತಕಕ್ಕೆ ಅಕ್ಷರ ಅರ್ಧ, ಚಿತ್ರ ಅರ್ಧ. ಚಿತ್ರ ನೋಡಿ ನಿಮ್ಮ ಮಾತಿನಲ್ಲೇ ಕಥೆ ಹೇಳಿ. ಕೆಲವು ಸಲಹೆಗಳು:

1. ಮಗುವನ್ನು ಮಡಿಲಲ್ಲೋ ಪಕ್ಕದಲ್ಲೋ ಕೂರಿಸಿಕೊಳ್ಳಿ. ಟೀವಿ ಆರಿಸಿ. ಹತ್ತು ನಿಮಿಷ ಸಾಕು.

2. ದನಿ ಬದಲಿಸಿ. ಆನೆಗೆ ಆನೆ ದನಿ, ಇಲಿಗೆ ಇಲಿ ದನಿ. ನಾಚಿಕೆ ಬೇಡ, ಮನೆಯಲ್ಲಿ ನಿಮ್ಮನ್ನು ನೋಡಿ ನಗುವವರು ನಿಮ್ಮ ಮಕ್ಕಳೇ.

3. ಮಧ್ಯದಲ್ಲಿ ನಿಲ್ಲಿಸಿ ಕೇಳಿ: "ಎಲ್ಮರ್‌ಗೆ ಯಾಕೆ ನಿದ್ದೆ ಬರಲಿಲ್ಲ?" ಉತ್ತರ ನೀವೇ ಹೇಳಿಬಿಡಬೇಡಿ.

4. ಕಥೆ ಮುಗಿದ ಮೇಲೆ ಸೇತುವೆ ಕಟ್ಟಿ: "ನಿಮ್ಮ ಅಂಗನವಾಡಿಯಲ್ಲಿ ಯಾರಾದರೂ ಒಬ್ಬರೇ ಕೂತಿರ್ತಾರಾ? ನಾಳೆ ಅವರ ಹತ್ರ ಹೋಗಿ ಏನು ಕೇಳ್ತೀಯ?"

5. "ಇದರಿಂದ ನೀತಿ ಏನು?" ಅಂತ ಕೊನೆಗೆ ಕೇಳಬೇಡಿ. ಅದು ಪರೀಕ್ಷೆ ಆಗುತ್ತದೆ.

6. ಅದೇ ಕಥೆ ಮತ್ತೆ ಬೇಕು ಅಂದರೆ ಮತ್ತೆ ಹೇಳಿ. ಮಕ್ಕಳು ಹತ್ತನೇ ಸಲವೂ ಹೊಸದೊಂದನ್ನು ಕಂಡುಹಿಡಿಯುತ್ತಾರೆ.

ಪುಸ್ತಕ ಎಲ್ಲಿ ಸಿಗುತ್ತದೆ?

ಎಲ್ಮರ್ ಹುಡುಕಿಕೊಂಡು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಅವನ ಕಥೆ ಈಗ ನಿಮ್ಮ ಕಿವಿಯಲ್ಲಿದೆ, ಮನೆಗೆ ಹೋಗಿ ಹೇಳಿ. ಕನ್ನಡದಲ್ಲಿ ಮಕ್ಕಳನ್ನು ನಗಿಸುವ ಕಥೆಗೆ ಬರವೂ ಇಲ್ಲ. ನೂರು ವರ್ಷದ ಹಿಂದೆಯೇ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು 'ಇಲಿಗಳ ತಕಥೈ'ಯಂಥ ಕಥೆ ಬರೆದು ನಮ್ಮ ಮಕ್ಕಳನ್ನು ಕುಣಿಸಿದರು. ಶಾಲಾ ಇನ್‌ಸ್ಪೆಕ್ಟರ್ ಆಗಿದ್ದವರು ಅವರು, ಮಕ್ಕಳ ಮನಸ್ಸು ಬಲ್ಲವರು.

ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಕಡಿಮೆ ಬೆಲೆಯ ಚಿತ್ರಪುಸ್ತಕಗಳನ್ನು ಕನ್ನಡದಲ್ಲೂ ಪ್ರಕಟಿಸುತ್ತದೆ. 2015ರಿಂದ ಅವರ 'ಸ್ಟೋರಿವೀವರ್' ಎಂಬ ತಾಣದಲ್ಲಿ ಮೊಬೈಲಿನಲ್ಲೇ ಉಚಿತವಾಗಿ ಕನ್ನಡ ಕಥೆ ಓದಬಹುದು, ಇಳಿಸಿಕೊಂಡು ಪ್ರಿಂಟ್ ಕೂಡ ತೆಗೆಯಬಹುದು. ಚೆನ್ನೈನ ತೂಲಿಕಾ ಪ್ರಕಾಶನ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಪುಸ್ತಕ ತರುತ್ತದೆ. ಅಶೋಕ್ ರಾಜಗೋಪಾಲನ್ ಅವರ ಶೀತ ಹಿಡಿದ ಆನೆ 'ಗಜಪತಿ ಕುಲಪತಿ' ಅವರದೇ. ಅವನು ಸೀನುವುದನ್ನು ನೀವು ಅಭಿನಯಿಸಿ ತೋರಿಸಿದರೆ ಮಕ್ಕಳು ಊಟ ಬಿಟ್ಟು ಬರುತ್ತಾರೆ. ನ್ಯಾಷನಲ್ ಬುಕ್ ಟ್ರಸ್ಟಿನ ಮಕ್ಕಳ ಪುಸ್ತಕಗಳೂ ಕನ್ನಡದಲ್ಲಿವೆ. ನಿಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ ಕೇಳಿ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಶಾಲೆ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟಿದ್ದಾರೆ. ದೊಡ್ಡ ಮಗು ಪುಸ್ತಕ ತರಲಿ, ಚಿಕ್ಕದಕ್ಕೆ ಓದಿ ಹೇಳಲಿ.

ಏನೂ ಸಿಗದಿದ್ದರೆ ನಾವೇ ಮಾಡೋಣ. ಹಳೇ ಕ್ಯಾಲೆಂಡರಿನ ಹಿಂಭಾಗ, ಟೈಲರಿಂಗ್ ಮಾಡುವ ಅಕ್ಕನ ಹತ್ತಿರ ಬಿದ್ದಿರುವ ಬಟ್ಟೆ ಚೂರು, ಸ್ವಲ್ಪ ಮೈದಾ ಅಂಟು. ಒಂದು ಆನೆ ಬರೆದು ಮಕ್ಕಳ ಕೈಲಿ ಚೂರು ಅಂಟಿಸಿ. ಆಮೇಲೆ ಕಥೆ ಹೇಳಿ. ಇದಕ್ಕೆ ಒಂದು ಪೈಸೆ ಸಾಲ ಬೇಡ.

ಸಂಘ ಮಾಡಬೇಕಾದದ್ದು

ಕಥೆ ಹೇಳಿ ಕೈ ತೊಳೆದುಕೊಳ್ಳುವಂತಿಲ್ಲ. ಸೀಳುತುಟಿ, ಸೊಟ್ಟ ಪಾದದಂಥ ತೊಂದರೆ ಇರುವ ಮಕ್ಕಳಿಗೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಉಚಿತ ತಪಾಸಣೆ, ಚಿಕಿತ್ಸೆ ಇದೆ. ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಕಾರ್ಯಕರ್ತೆಯನ್ನೋ ಕೇಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವಿಕಲತೆಗಳನ್ನು ಗುರುತಿಸಿದೆ. ಪ್ರಮಾಣಪತ್ರದಲ್ಲಿ ಶೇಕಡ 40 ಅಥವಾ ಅದಕ್ಕಿಂತ ಹೆಚ್ಚು ವಿಕಲತೆ ಇರುವ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕಿದೆ. ನಾಲ್ಕು ಜನರ ಎದುರು ವಿಕಲಚೇತನರನ್ನು ಬೇಕೆಂದೇ ಅವಮಾನ ಮಾಡಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಶಿಕ್ಷೆಯೂ ದಂಡವೂ ಇದೆ. ಇದು ದೊಡ್ಡವರಿಗೆ. ಚಿಕ್ಕ ಮಕ್ಕಳಿಗೆ ಕಾನೂನು ಬೇಡ, ಕಥೆ ಸಾಕು.

ಆದ್ದರಿಂದ ಪ್ರತಿ ಸಂಘ ಈ ತಿಂಗಳು ಎರಡು ಠರಾವು ಮಾಡಲಿ ಅಂತ ಕೇಳಿಕೊಳ್ಳುತ್ತೇನೆ. ಒಂದು, ವಾರಕ್ಕೊಮ್ಮೆ ಒಬ್ಬ ಸದಸ್ಯೆ ಅಂಗನವಾಡಿಗೆ ಹೋಗಿ ಅರ್ಧ ಗಂಟೆ ಕಥೆ ಹೇಳುವುದು. ಎರಡು, ನಮ್ಮ ಊರಿನಲ್ಲಿ ಬೇರೆ ಮಕ್ಕಳ ಮಾತಿಗೆ ಹೆದರಿ ಮನೆಯಲ್ಲೇ ಉಳಿದ ಮಗು ಯಾವುದು ಅಂತ ಹುಡುಕಿ, ಆ ತಾಯಿಯ ಜೊತೆ ಹೋಗಿ ಮಗುವನ್ನು ಅಂಗನವಾಡಿಗೆ ಬಿಟ್ಟು ಬರುವುದು. ಮೊದಲ ದಿನ ಒಬ್ಬಳೇ ತಾಯಿ ಹೋದರೆ ಕಷ್ಟ. ಐದು ಜನ ಅಕ್ಕಂದಿರು ಜೊತೆಗೆ ಹೋದರೆ ಆ ಮಗು ಮೆರವಣಿಗೆಯಲ್ಲಿ ಹೋದ ಹಾಗೆ ಹೋಗುತ್ತದೆ.

ನಿಮ್ಮ ಊರಿನ ಅಂಗನವಾಡಿಯಲ್ಲಿ ಎಷ್ಟು ಮಕ್ಕಳ ಹೆಸರು ಇದೆ, ಎಷ್ಟು ಮಕ್ಕಳು ಬರುತ್ತಿದ್ದಾರೆ, ಮುಂದಿನ ಸಭೆಗೆ ಬರುವಾಗ ಲೆಕ್ಕ ತನ್ನಿ. ಉಳಿತಾಯದ ಲೆಕ್ಕದ ಹಾಗೇ ಅದನ್ನೂ ಪುಸ್ತಕದಲ್ಲಿ ಬರೆಯೋಣ.

ಸಂಘದ ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಮನೆಯಲ್ಲಿ ಮಕ್ಕಳನ್ನು ಯಾವ ಯಾವ ಪ್ರಾಣಿಯ ಹೆಸರಿನಿಂದ ಕರೆಯುತ್ತೇವೆ? ಅದರಲ್ಲಿ ಮುದ್ದಿನದು ಯಾವುದು, ನೋವಿನದು ಯಾವುದು?

2. ಫರ್ಡಿನಾಂಡನ ತಾಯಿಯ ಜಾಗದಲ್ಲಿ ನಾವಿದ್ದರೆ ಏನು ಮಾಡುತ್ತಿದ್ದೆವು?

3. ನಮ್ಮ ಊರಿನಲ್ಲಿ ಆಟಕ್ಕೆ ಸೇರಿಸಿಕೊಳ್ಳದ ಮಗು ಇದೆಯೇ? ಆ ಮಗುವಿನ ತಾಯಿ ನಮ್ಮ ಸಂಘದಲ್ಲಿ ಇದ್ದಾರೆಯೇ?

4. ಅಂಗನವಾಡಿಯಲ್ಲಿ ಕಥೆ ಹೇಳಲು ಮೊದಲ ವಾರ ಯಾರು ಹೋಗುತ್ತೀರಿ?